ಅಪ್ಪ ಅಮ್ಮ ಯಾವ ಪುಟದಲ್ಲಿದ್ದಾರೆ?



ಇವತ್ತಿನ ಮಾತು ಹದಿಹರೆಯದವರಿಗಾಗಿ ಬರೆದ ಕಾದಂಬರಿಗಳ ಬಗ್ಗೆ. ದೊಡ್ಡ ಪುಸ್ತಕದಂಗಡಿಗಳಲ್ಲಿ ಇವಕ್ಕೆ ಬೇರೆಯೇ ಕಪಾಟು ಇರುತ್ತದೆ. ಮೇಲೆ 'ಯಂಗ್ ಅಡಲ್ಟ್' ಎಂದು ಬರೆದಿರುತ್ತಾರೆ. ಹನ್ನೆರಡು ಹದಿಮೂರರಿಂದ ಹದಿನೆಂಟರವರೆಗಿನ ಓದುಗರಿಗೆ ಎಂದು ಲೆಕ್ಕ. ಆದರೆ ಆ ಕಪಾಟಿನ ಮುಂದೆ ನನ್ನಂಥ ನರೆಗೂದಲಿನವರೂ ನಿಂತಿರುತ್ತಾರೆ. ನನಗೆ ಈ ಹುಚ್ಚು ಹಿಡಿಸಿದವಳು ನನ್ನ ಅಕ್ಕನ ಮಗಳು. ಪಿಯುಸಿ ಓದುತ್ತಿದ್ದಾಳೆ. ತಾನು ಓದಿ ಮುಗಿಸಿದ್ದನ್ನು ನನ್ನ ಕೈಗೆ ತುರುಕುತ್ತಾಳೆ. ಓದಿ ಸುಮ್ಮನಿರುವ ಹಾಗಿಲ್ಲ. ಹೇಗಿತ್ತು ಎಂದು ಹೇಳಬೇಕು. ಹೇಳಿದರೆ ಜಗಳ.

ಜಗಳದ ವಿಷಯ ಒಂದೇ. ಯಾವ ಕಾದಂಬರಿ ತೆರೆದರೂ ನಾನು ಮೊದಲು ಕೇಳುವುದು, ಈ ಹುಡುಗಿಯ ಅಪ್ಪ ಅಮ್ಮ ಎಲ್ಲಿ? ಯಾವ ಪುಟದಲ್ಲಿದ್ದಾರೆ? "ಚಿಕ್ಕಮ್ಮಾ, ಇದು ಅವರ ಕಥೆ ಅಲ್ಲ" ಎಂದು ಅವಳು ರೇಗುತ್ತಾಳೆ. ಅವರ ಕಥೆ ಅಲ್ಲ, ಒಪ್ಪಿದೆ. ಆದರೂ ನನ್ನ ಹಟ ಬಿಡುವುದಿಲ್ಲ. ಹದಿಹರೆಯದವರ ಕಾದಂಬರಿ ಗಟ್ಟಿಯೋ ಜೊಳ್ಳೋ ಎಂಬುದು ಅದರಲ್ಲಿರುವ ದೊಡ್ಡವರನ್ನು ನೋಡಿದರೆ ತಿಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ಇವತ್ತು ಅದೊಂದನ್ನೇ ಹಿಡಿದು ಕೆಲವು ಪುಸ್ತಕಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಒಂದು ಸರಳ ಕಾರಣ. ಕಥೆಯಲ್ಲಿ ಬುದ್ಧಿವಂತ ತಾಯಿಯೊಬ್ಬಳು ಪಕ್ಕದಲ್ಲೇ ಇದ್ದರೆ ಹುಡುಗಿಯ ಕಷ್ಟ ಮೂರನೆಯ ಅಧ್ಯಾಯಕ್ಕೇ ಮುಗಿದುಹೋಗುತ್ತದೆ. ಕಾದಂಬರಿ ಮುಂದೆ ಹೋಗಬೇಕಾದರೆ ದೊಡ್ಡವರನ್ನು ದಾರಿಯಿಂದ ಸರಿಸಬೇಕು. ಹೇಗೆ ಸರಿಸುತ್ತಾರೆ ಎಂಬುದರಲ್ಲಿ ಬರೆಯುವವರ ಯೋಗ್ಯತೆ ಗೊತ್ತಾಗುತ್ತದೆ. ಸೋಮಾರಿ ಲೇಖಕರು ಮೊದಲ ಪುಟದಲ್ಲೇ ಅಪ್ಪ ಅಮ್ಮನನ್ನು ಅಪಘಾತದಲ್ಲಿ ಸಾಯಿಸುತ್ತಾರೆ. ಇನ್ನು ಕೆಲವರು ಬದುಕಿಸಿಟ್ಟು ಕಣ್ಣು ಕಿವಿ ಕಿತ್ತುಕೊಳ್ಳುತ್ತಾರೆ.

ಎರಡನೆಯ ಬಗೆಗೆ ಉದಾಹರಣೆ 'ಟ್ವೈಲೈಟ್'. ಸ್ಟೆಫನಿ ಮೇಯರ್ ಬರೆದದ್ದು. 2005ರಲ್ಲಿ ಬಂತು. ಆ ಸರಣಿಯ ಪ್ರತಿಗಳು ಜಗತ್ತಿನಾದ್ಯಂತ ಹತ್ತು ಕೋಟಿ ದಾಟಿವೆ. ನಾಯಕಿ ಬೆಲ್ಲಾಗೆ ಹದಿನೇಳು. ತಂದೆ ಆ ಊರಿನ ಪೊಲೀಸ್ ಮುಖ್ಯಸ್ಥ. ಮಗಳ ಕೋಣೆಗೆ ರಾತ್ರಿ ಹೊತ್ತು ಕಿಟಕಿಯಿಂದ ಒಬ್ಬ ಹುಡುಗ ಬಂದುಹೋಗುತ್ತಾನೆ. ಪಕ್ಕದ ಕೋಣೆಯಲ್ಲಿ ಮಲಗಿದ ಪೊಲೀಸಪ್ಪನಿಗೆ ಅದು ಗೊತ್ತೇ ಆಗುವುದಿಲ್ಲ. ಇನ್ನು ಆ ಹುಡುಗ. ನೋಡಲು ಹದಿನೇಳು. ರಕ್ತ ಹೀರುವ ಜಾತಿ, ಸಾವಿಲ್ಲ, ನಿಜವಾದ ವಯಸ್ಸು ನೂರು ದಾಟಿದೆ. ಅಂದರೆ ಈ ಕಥೆಯಲ್ಲಿ ಹಿರಿಯರು ಕಾಣೆಯಾಗಿಲ್ಲ. ನೂರು ದಾಟಿದ ಹಿರಿಯನೇ ಪ್ರಿಯಕರನಾಗಿದ್ದಾನೆ. ಇದನ್ನು ಹೇಳಿದಾಗ ನಮ್ಮ ಹುಡುಗಿ ಎರಡು ದಿನ ಮಾತು ಬಿಟ್ಟಿದ್ದಳು. ಆ ಪುಸ್ತಕವನ್ನು ಅಲ್ಲಿಗೇ ಬಿಡೋಣ.

ಮೊದಲನೆಯ ಬಗೆಗೆ ಬರುತ್ತೇನೆ. ಅಪ್ಪ ಅಮ್ಮ ಅಪಘಾತದಲ್ಲಿ ತೀರಿಕೊಂಡ ಕಥೆ. ಅದು ಯಾವಾಗಲೂ ಸೋಮಾರಿತನವೇ ಆಗಬೇಕಿಲ್ಲ. ಅದಕ್ಕೆ ಸಾಕ್ಷಿ 'ದಿ ಔಟ್‌ಸೈಡರ್ಸ್'. ಅಮೆರಿಕದ ಓಕ್ಲಹೋಮ ರಾಜ್ಯದ ಟಲ್ಸಾ ನಗರದ ಹುಡುಗಿಯೊಬ್ಬಳು ಬರೆದದ್ದು. ಹೆಸರು ಎಸ್. ಇ. ಹಿಂಟನ್. ಬರೆಯಲು ಶುರುಮಾಡಿದಾಗ ಹದಿನೈದು ವರ್ಷ. 1967ರಲ್ಲಿ ಅಚ್ಚಾದಾಗ ಹದಿನೆಂಟು. ಹುಡುಗರ ಹೊಡೆದಾಟದ ಕಥೆಯನ್ನು ಹುಡುಗಿ ಬರೆದಳೆಂದರೆ ವಿಮರ್ಶಕರು ಮೂಗು ಮುರಿದಾರು ಎಂದು ಪ್ರಕಾಶಕರು ಪೂರ್ತಿ ಹೆಸರು ಹಾಕದೆ ಇನಿಷಿಯಲ್ ಮಾತ್ರ ಹಾಕಿದರು. ಸುಮಾರು 60 ವರ್ಷವಾಗುತ್ತ ಬಂದರೂ ಅದು ಅಲ್ಲಿನ ಶಾಲೆಗಳಲ್ಲಿ ಓದಿಸಿಕೊಳ್ಳುತ್ತಲೇ ಇದೆ. ಕ್ಯಾಲಿಫೋರ್ನಿಯಾದ ಒಂದು ಶಾಲೆಯ ಮಕ್ಕಳು ತಮ್ಮ ಗ್ರಂಥಪಾಲಕಿಯ ಜೊತೆ ಸೇರಿ, ಇದನ್ನು ಸಿನಿಮಾ ಮಾಡಿ ಎಂದು ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕಪೋಲಾಗೆ ಪತ್ರ ಬರೆದರು. ಅವರು ಮಾಡಿಯೂಬಿಟ್ಟರು, 1983ರಲ್ಲಿ.

ಕಥೆ ಮೂವರು ಅಣ್ಣತಮ್ಮಂದಿರದು. ಕಿರಿಯವನಿಗೆ ಹದಿನಾಲ್ಕು, ಅವನೇ ಕಥೆ ಹೇಳುವವನು. ನಡುವಿನವನಿಗೆ ಹದಿನಾರು, ಶಾಲೆ ಬಿಟ್ಟು ಪೆಟ್ರೋಲ್ ಬಂಕಿನಲ್ಲಿ ದುಡಿಯುತ್ತಾನೆ. ಹಿರಿಯವನು ಡ್ಯಾರಿ, ಇಪ್ಪತ್ತು. ಕಾಲೇಜಿಗೆ ಹೋಗಬೇಕಿದ್ದವನು ಮನೆಗಳ ಮೇಲೆ ಹತ್ತಿ ಚಾವಣಿ ಹೊದಿಸುವ ಕೆಲಸಕ್ಕೆ ಸೇರಿದ್ದಾನೆ. ತಮ್ಮಂದಿರು ದಾರಿ ತಪ್ಪಿದರೆ ಸರ್ಕಾರ ಅವರನ್ನು ಎತ್ತಿಕೊಂಡು ಹೋಗಿ ಅನಾಥಾಲಯಕ್ಕೆ ಸೇರಿಸುತ್ತದೆ. ಆ ಭಯ ಅವನನ್ನು ಸಿಡುಕನನ್ನಾಗಿ ಮಾಡಿದೆ. ಒಂದು ರಾತ್ರಿ ತಡವಾಗಿ ಬಂದ ಕಿರಿಯವನ ಕೆನ್ನೆಗೆ ಹೊಡೆಯುತ್ತಾನೆ. ಅವನು ಓಡಿಹೋಗುತ್ತಾನೆ. ಮುಂದಿನ ಅನಾಹುತಗಳೆಲ್ಲ ಆ ಒಂದು ಏಟಿನಿಂದ ಶುರುವಾಗುತ್ತವೆ.

ಊರಿನ ಬಡ ಹುಡುಗರಿಗೂ ಸಿರಿವಂತ ಹುಡುಗರಿಗೂ ನಡೆಯುವ ಹೊಡೆದಾಟ ಈ ಪುಸ್ತಕದ ಆಕರ್ಷಣೆ ಎನ್ನುತ್ತಾರೆ. ನನಗೆ ಹಾಗನ್ನಿಸಲಿಲ್ಲ. ಹೊಡೆದಾಟ ಎಲ್ಲ ಕಡೆ ಸಿಗುತ್ತದೆ. ಇಪ್ಪತ್ತನೆಯ ವಯಸ್ಸಿಗೇ ಅಪ್ಪನಾಗಬೇಕಾಗಿ ಬಂದ ಡ್ಯಾರಿ ಸಿಗುವುದು ಅಪರೂಪ. ತಮ್ಮನ ಕಣ್ಣಿಗೆ ಅವನು ಕಟುಕ. ಓದುವ ನಮಗೆ, ಆ ತಮ್ಮ ಹೇಳುತ್ತಿರುವ ಮಾತುಗಳಲ್ಲೇ, ಅವನು ಬೇರೆಯಾಗಿ ಕಾಣುತ್ತ ಹೋಗುತ್ತಾನೆ. ಹೇಳುವವನಿಗೆ ಗೊತ್ತಿಲ್ಲದ್ದು ಕೇಳುವವರಿಗೆ ಗೊತ್ತಾಗುವಂತೆ ಬರೆಯುವುದು ಸುಲಭವಲ್ಲ. ಹದಿನೈದರ ಹುಡುಗಿ ಅದನ್ನು ಮಾಡಿದ್ದಾಳೆ.

ಇಲ್ಲಿಯವರೆಗೆ ದೊಡ್ಡವರು ಇಲ್ಲದ ಮನೆ ನೋಡಿದೆವು. ಆ ಜಾಗಕ್ಕೆ ಹುಡುಗನೊಬ್ಬ ಬಂದು ನಿಂತದ್ದನ್ನೂ ನೋಡಿದೆವು. ಇನ್ನು, ದೊಡ್ಡವರು ಇದ್ದಾರೆ, ಆದರೆ ಸೋತು ಕೂತಿದ್ದಾರೆ. ಅಂಥ ಕಥೆಗೆ ಬರೋಣ.

'ದಿ ಹಂಗರ್ ಗೇಮ್ಸ್' ಹೆಸರನ್ನು ನಿಮ್ಮಲ್ಲಿ ಬಹಳ ಮಂದಿ ಕೇಳಿರಬಹುದು. ಸಿನಿಮಾ ಬಂದಿದೆ. ಬರೆದವರು ಸುಜಾನ್ ಕಾಲಿನ್ಸ್. ಮೊದಲ ಪುಸ್ತಕ 2008ರದು. ಒಂದು ರಾತ್ರಿ ಟಿವಿ ಚಾನೆಲ್ ಬದಲಿಸುತ್ತ ಹೋದಾಗ ಒಂದು ಕಡೆ ರಿಯಾಲಿಟಿ ಷೋ, ಇನ್ನೊಂದು ಕಡೆ ಇರಾಕ್ ಯುದ್ಧದ ದೃಶ್ಯ ಬಂದು, ಎರಡೂ ಕಲಸಿಹೋಗಿ ಈ ಕಥೆ ಹೊಳೆಯಿತು ಎಂದು ಅವರೇ ಹೇಳಿದ್ದಾರೆ. ಅವರ ತಂದೆ ವಾಯುಪಡೆಯಲ್ಲಿದ್ದವರು, ವಿಯೆಟ್ನಾಂಗೆ ಹೋಗಿ ಬಂದವರು.

ಕಥೆ ನಡೆಯುವುದು ಮುಂದೆಂದೋ ಬರುವ ಒಂದು ದೇಶದಲ್ಲಿ. ರಾಜಧಾನಿಯೊಂದು, ಅದರ ಕೆಳಗೆ ಹನ್ನೆರಡು ಜಿಲ್ಲೆಗಳು. ಪ್ರತಿ ವರ್ಷ ಪ್ರತಿ ಜಿಲ್ಲೆಯಿಂದ ಒಬ್ಬ ಹುಡುಗ, ಒಬ್ಬ ಹುಡುಗಿ. ವಯಸ್ಸು ಹನ್ನೆರಡರಿಂದ ಹದಿನೆಂಟು. ಚೀಟಿ ಎತ್ತಿ ಆರಿಸುತ್ತಾರೆ. 24 ಮಕ್ಕಳು ಒಬ್ಬರನ್ನೊಬ್ಬರು ಕೊಲ್ಲಬೇಕು. ಒಬ್ಬರು ಉಳಿಯಬೇಕು. ದೇಶವೆಲ್ಲ ಕೂತು ಟಿವಿಯಲ್ಲಿ ನೋಡಬೇಕು.

ಕೇಳಲು ಬರೀ ಭಯಾನಕ. ಆದರೆ ಇದರೊಳಗೆ ಒಂದು ಸಣ್ಣ ವಿವರ ಇದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದು. ಬಡವರ ಮಕ್ಕಳು ಹೆಚ್ಚುವರಿ ಧಾನ್ಯ, ಎಣ್ಣೆ ಬೇಕೆಂದರೆ ಪಡೆಯಬಹುದು. ಅದಕ್ಕೆ ಬದಲಾಗಿ ಅವರ ಹೆಸರಿನ ಚೀಟಿ ಇನ್ನೊಂದು ಸಲ ಬೀಳುತ್ತದೆ. ಮನೆಯಲ್ಲಿ ನಾಲ್ಕು ಜನ ಉಣ್ಣಬೇಕಾದರೆ ನಾಲ್ಕು ಚೀಟಿ ಹೆಚ್ಚು. ಪ್ರತಿ ವರ್ಷ ಅದು ಸೇರುತ್ತ ಹೋಗುತ್ತದೆ. ನಾಯಕಿ ಕ್ಯಾಟ್ನಿಸ್‌ಗೆ ಹದಿನಾರು ತುಂಬುವ ಹೊತ್ತಿಗೆ ಅವಳ ಹೆಸರು ಸುಮಾರು 20 ಚೀಟಿಗಳಲ್ಲಿದೆ. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಅದೃಷ್ಟದ ಆಟ ಎಂದು ಕರೆಯುತ್ತಾರೆ, ಆದರೆ ಹಸಿದವರ ಕಡೆಗೆ ವಾಲಿಸಿಟ್ಟಿರುತ್ತಾರೆ.

ಈಗ ಅವಳ ಮನೆಯ ದೊಡ್ಡವರು. ತಂದೆ ಕಲ್ಲಿದ್ದಲ ಗಣಿಯ ಸ್ಫೋಟದಲ್ಲಿ ಸತ್ತಾಗ ಅವಳಿಗೆ ಹನ್ನೊಂದು. ತಾಯಿ ಆ ದುಃಖದಲ್ಲಿ ಮುಳುಗಿ ಹಾಸಿಗೆ ಬಿಟ್ಟೇಳಲಿಲ್ಲ. ಎರಡು ಹೆಣ್ಣುಮಕ್ಕಳು ಉಪವಾಸ ಬಿದ್ದದ್ದು ಆಕೆಗೆ ಕಾಣಲಿಲ್ಲ. ಕ್ಯಾಟ್ನಿಸ್ ಬಿಲ್ಲು ಹಿಡಿದು ಕಾಡಿಗೆ ಹೋಗಿ ಬೇಟೆಯಾಡಿ ಮನೆ ಸಾಕಿದಳು. ಮುಂದೆ ತಾಯಿ ಚೇತರಿಸಿಕೊಳ್ಳುತ್ತಾಳೆ. ಮಗಳು ಮಾತ್ರ ಕ್ಷಮಿಸುವುದಿಲ್ಲ. ಆಟಕ್ಕೆ ಹೊರಡುವ ಮುಂಚೆ ಕೊನೆಯ ಭೇಟಿಗೆ ಬಂದ ತಾಯಿಗೆ, ಇನ್ನೊಂದು ಸಲ ಹಾಗೆ ಮಲಗಿಬಿಡಬೇಡ ಎಂದು ಸಿಟ್ಟಿನಿಂದ ಹೇಳುತ್ತಾಳೆ. ಸಾಯಲು ಹೊರಟ ಮಗಳು ತಾಯಿಗೆ ಬುದ್ಧಿ ಹೇಳುವ ಆ ಭಾಗ, ಮುಂದೆ ಬರುವ ಎಲ್ಲ ಕೊಲೆಗಳಿಗಿಂತ ನನಗೆ ಕಠಿಣವೆನಿಸಿತು. ಅವಳು ಹೇಳುವುದು ನ್ಯಾಯ. ಆದರೆ ಆ ತಾಯಿಗೆ ಬಂದದ್ದು ಕಾಯಿಲೆ ಎಂದು ನಮಗೆ ಗೊತ್ತಾಗುತ್ತದೆ.

ಇನ್ನೊಬ್ಬ ದೊಡ್ಡವನು ಹೇಮಿಚ್. ಹಿಂದೊಮ್ಮೆ ಆ ಆಟದಲ್ಲಿ ಉಳಿದು ಬಂದವನು. ಈಗ ಮಕ್ಕಳಿಗೆ ತರಬೇತಿ ಕೊಡಬೇಕಾದವನು. ಕುಡುಕ. ಚೀಟಿ ಎತ್ತುವ ದಿನವೇ ವೇದಿಕೆಯಿಂದ ಉರುಳಿ ಬೀಳುತ್ತಾನೆ. ಮೊದಲ ಪುಸ್ತಕ ಓದುವಾಗ ಅವನನ್ನು ನೋಡಿ ನಕ್ಕೆವು. ಈಗ ಹದಿನೇಳು ವರ್ಷಗಳ ಮೇಲೆ, 2025ರಲ್ಲಿ, ಕಾಲಿನ್ಸ್ ಅವನ ಕಥೆಯನ್ನೇ ಬರೆದಿದ್ದಾರೆ. 'ಸನ್‌ರೈಸ್ ಆನ್ ದಿ ರೀಪಿಂಗ್' ಎಂದು ಹೆಸರು. ಇಂಗ್ಲಿಷಿನಲ್ಲಿ ಮೊದಲ ವಾರದಲ್ಲೇ ಹದಿನೈದು ಲಕ್ಷದಷ್ಟು ಪ್ರತಿ ಖರ್ಚಾಯಿತು. ನಾವಿಬ್ಬರೂ ಈಚೆಗೆ ಓದಿ ಮುಗಿಸಿದ್ದು ಅದನ್ನೇ.

ಅದರಲ್ಲಿ ಹೇಮಿಚ್‌ಗೆ ಹದಿನಾರು. ಅಮ್ಮ, ತಮ್ಮ, ಪ್ರೀತಿಸಿದ ಹುಡುಗಿ, ಎಲ್ಲರೂ ಇದ್ದಾರೆ. ಆ ವರ್ಷ ಆಟಕ್ಕೆ ಎರಡು ಪಾಲು ಮಕ್ಕಳು, 48 ಮಂದಿ. ಹಳೆಯ ಪುಸ್ತಕಗಳನ್ನು ಓದಿದವರಿಗೆ ಕೊನೆ ಮೊದಲೇ ಗೊತ್ತು. ಅವನು ಬದುಕುತ್ತಾನೆ. ಅವನ ಬದುಕಿನಲ್ಲಿದ್ದವರು ಉಳಿಯುವುದಿಲ್ಲ. ಗೊತ್ತಿದ್ದೂ ಪುಟ ತಿರುವುತ್ತೇವೆ. ಒಂದು ಲೆಕ್ಕ ಹಾಕಿ. ಅವನು ಗೆದ್ದಾಗಿನಿಂದ ಕ್ಯಾಟ್ನಿಸ್ ಬರುವವರೆಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ. ವರ್ಷಕ್ಕೆ ಇಬ್ಬರಂತೆ ತನ್ನ ಜಿಲ್ಲೆಯ ನಲವತ್ತಕ್ಕೂ ಹೆಚ್ಚು ಮಕ್ಕಳನ್ನು ರೈಲು ಹತ್ತಿಸಿಕೊಂಡು ಹೋಗಿದ್ದಾನೆ. ಒಬ್ಬರನ್ನೂ ವಾಪಸು ಕರೆತಂದಿಲ್ಲ. ಕುಡಿಯದೆ ಇರುವುದು ಹೇಗೆ?

ಇದರ ಬಗ್ಗೆ ನನಗೊಂದು ತಕರಾರೂ ಇದೆ. ಹಳೆಯ ಪುಸ್ತಕಗಳ ಪಾತ್ರಗಳನ್ನು ಒಂದರ ಹಿಂದೆ ಒಂದರಂತೆ ಎಳೆತಂದಿದ್ದಾರೆ. ಅಷ್ಟು ದೊಡ್ಡ ದೇಶದಲ್ಲಿ ಹೇಮಿಚ್‌ಗೆ ಎದುರಾಗುವವರೆಲ್ಲ ನಮಗೆ ಮೊದಲೇ ಪರಿಚಿತರು. ನಮ್ಮ ಹುಡುಗಿಗೆ ಅದೇ ಖುಷಿ. ನನಗೆ ಅದು ಅಭಿಮಾನಿಗಳಿಗೆ ಹಂಚಿದ ಪ್ರಸಾದದಂತೆ ಕಂಡಿತು. ಆದರೆ ಒಂದು ಮಾತಿನಲ್ಲಿ ನಾವಿಬ್ಬರೂ ಒಂದಾದೆವು. ಸೋತ ಹಿರಿಯನೊಬ್ಬನಿಗೆ ಅವನ ಹದಿನಾರನೆಯ ವರ್ಷವನ್ನು ವಾಪಸು ಕೊಟ್ಟು ತೋರಿಸಿದ ಪುಸ್ತಕ ಅದು. ಓದುವ ಹುಡುಗರಿಗೆ ತಮ್ಮ ಮನೆಯ, ತಮ್ಮ ಕೇರಿಯ ಯಾರಾದರೂ ನೆನಪಾಗದೆ ಇರುವುದಿಲ್ಲ.

ಇಷ್ಟು ಹೊತ್ತು ಇಲ್ಲದ ಹಿರಿಯರು, ಸೋತ ಹಿರಿಯರು. ಈಗ ಇನ್ನೊಂದು ಮನೆಗೆ ಹೋಗೋಣ. ಇಲ್ಲಿ ಅಪ್ಪ ಅಮ್ಮ ಇಬ್ಬರೂ ಇದ್ದಾರೆ, ಕೆಲಸಕ್ಕೆ ಹೋಗುತ್ತಾರೆ, ಸಂಬಳ ತರುತ್ತಾರೆ. ಆದರೆ ಅವರ ಕಿವಿಗೆ ಏನೂ ಬೀಳುವುದಿಲ್ಲ.

ಪುಸ್ತಕದ ಹೆಸರು 'ಸ್ಪೀಕ್'. ಲಾರಿ ಹಾಲ್ಸ್ ಆಂಡರ್ಸನ್ 1999ರಲ್ಲಿ ಬರೆದದ್ದು. ಮೆಲಿಂಡಾ ಒಂಬತ್ತನೆಯ ತರಗತಿಗೆ ಸೇರುವ ದಿನ ಕಥೆ ಶುರು. ಅವಳ ಹತ್ತಿರ ಯಾರೂ ಕೂರುವುದಿಲ್ಲ. ಬೇಸಿಗೆ ರಜೆಯಲ್ಲಿ ಒಂದು ಪಾರ್ಟಿಗೆ ಪೊಲೀಸರನ್ನು ಕರೆಸಿದವಳು ಅವಳು ಎಂಬ ಸಿಟ್ಟು ಎಲ್ಲರಿಗೂ. ಯಾಕೆ ಕರೆಸಿದಳು ಎಂದು ಒಬ್ಬರೂ ಕೇಳಿಲ್ಲ. ಆ ರಾತ್ರಿ ಅವಳ ಮೇಲೆ ಅತ್ಯಾಚಾರವಾಗಿತ್ತು. ಮಾಡಿದವನು ಅದೇ ಶಾಲೆಯ ದೊಡ್ಡ ತರಗತಿಯಲ್ಲಿದ್ದಾನೆ. ಅವಳು ಮಾತು ನಿಲ್ಲಿಸುತ್ತ ಹೋಗುತ್ತಾಳೆ.

ಆ ಮನೆಯಲ್ಲಿ ಮಾತುಕತೆ ನಡೆಯುವುದು ಚೀಟಿಗಳಲ್ಲಿ. ಅಡುಗೆಮನೆಯ ಕಟ್ಟೆಯ ಮೇಲೆ ತಾಯಿ ಬರೆದಿಟ್ಟು ಹೋಗುತ್ತಾಳೆ. ಮಗಳು ಅದಕ್ಕೆ ಉತ್ತರ ಬರೆದಿಡುತ್ತಾಳೆ. ಅಪ್ಪ ಅಮ್ಮನ ಕಣ್ಣಿಗೆ ಬೀಳುವುದು ಇಳಿದುಹೋದ ಅಂಕಗಳು ಮಾತ್ರ. ಬೈಯುತ್ತಾರೆ. ಅವರು ಕೆಟ್ಟವರಲ್ಲ, ಇದನ್ನು ಒತ್ತಿ ಹೇಳುತ್ತೇನೆ. ದಣಿದವರು. ಮಗಳ ತುಟಿ ಕಚ್ಚಿ ಕಚ್ಚಿ ಗಾಯವಾಗಿರುವುದು ಎದುರಿಗೇ ಇದ್ದರೂ ಅದರ ಅರ್ಥ ಹುಡುಕದಷ್ಟು ದಣಿದವರು. ಶಾಲೆಯಲ್ಲಿ ಒಬ್ಬರು ಚಿತ್ರಕಲೆಯ ಮೇಷ್ಟ್ರು ಇದ್ದಾರೆ. ಅವರು ಏನನ್ನೂ ಕೇಳಿ ಬಾಯಿ ಬಿಡಿಸುವುದಿಲ್ಲ. ವರ್ಷಪೂರ್ತಿ ಒಂದೇ ವಸ್ತು, ಮರ, ಅದನ್ನೇ ಮತ್ತೆ ಮತ್ತೆ ಮಾಡಿಸುತ್ತಾರೆ. ಅವಳು ಕೆಡಿಸುತ್ತಾಳೆ, ಹರಿಯುತ್ತಾಳೆ, ಮತ್ತೆ ಮಾಡುತ್ತಾಳೆ. ಕಾಯುವುದಷ್ಟೇ ಆ ಮೇಷ್ಟ್ರ ಕೆಲಸ.

ಕೇಳುಗರೆ, ನಮ್ಮಲ್ಲಿ ಮಕ್ಕಳಿಗಾಗಿ 1098 ಎಂಬ ಸಹಾಯವಾಣಿ ಇದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ 2012ರಿಂದ ಇದೆ. ಇವು ಇರಲೇಬೇಕು. ಆದರೆ ಮೆಲಿಂಡಾಳ ಕಷ್ಟ ನಂಬರ್ ಗೊತ್ತಿಲ್ಲದ್ದಲ್ಲ. ಅವಳು ಆ ರಾತ್ರಿ ಫೋನ್ ಎತ್ತಿದ್ದಳು. ಆ ಕಡೆಯವರು ಕೇಳಿದಾಗ ಹೇಳಲು ಬಾಯಿ ಬರಲಿಲ್ಲ. ಈ ಪುಸ್ತಕವನ್ನು ಅಮೆರಿಕದ ಕೆಲವು ಶಾಲೆಗಳಿಂದ ತೆಗೆಸಬೇಕೆಂದು ಪೋಷಕರು ಮತ್ತೆ ಮತ್ತೆ ಗಲಾಟೆ ಮಾಡಿದ್ದಾರೆ. ಮಕ್ಕಳು ಇಂಥದ್ದನ್ನು ಓದಬಾರದು ಎನ್ನುವವರು, ಮಕ್ಕಳು ಇಂಥದ್ದನ್ನು ಹೇಳಿದಾಗ ಕೇಳಿಸಿಕೊಳ್ಳುತ್ತಾರೆಯೇ ಎಂಬುದು ನನ್ನ ಅನುಮಾನ.

ಕೇಳಿಸಿಕೊಳ್ಳದ ತಂದೆತಾಯಿ ಸರಿ. ಹಾಗಾದರೆ ಒಳ್ಳೆಯ ತಂದೆತಾಯಿ ಈ ಕಾದಂಬರಿಗಳಲ್ಲಿ ಇಲ್ಲವೇ ಇಲ್ಲವೆ? ಇದ್ದಾರೆ. ಎರಡು ಉದಾಹರಣೆ ಬೇಗ ಹೇಳಿಬಿಡುತ್ತೇನೆ.

ಜಾನ್ ಗ್ರೀನ್ ಬರೆದ 'ದಿ ಫಾಲ್ಟ್ ಇನ್ ಅವರ್ ಸ್ಟಾರ್ಸ್', 2012ರದು. ಇದರಿಂದಲೇ ಹಿಂದಿಯ 'ದಿಲ್ ಬೇಚಾರಾ' ಸಿನಿಮಾ ಬಂತು, 2020ರಲ್ಲಿ. ಹದಿನಾರರ ಹೇಜಲ್‌ಗೆ ಕ್ಯಾನ್ಸರ್, ಆಕ್ಸಿಜನ್ ಸಿಲಿಂಡರ್ ಎಳೆದುಕೊಂಡೇ ಓಡಾಡುತ್ತಾಳೆ. ಎಲ್ಲರೂ ಅಳುವುದು ಅವಳ ಪ್ರೇಮಕಥೆಗೆ. ಆ ಹುಡುಗ ಹುಡುಗಿಯ ಮಾತುಗಳು ನನಗೆ ಜಾಣತನ ಹೆಚ್ಚಾಗಿ ಕೃತಕವೆನಿಸಿದವು. ಆಸ್ಪತ್ರೆಯ ಬಾಗಿಲಲ್ಲಿ ಯಾರೂ ಅಷ್ಟು ನಯವಾಗಿ ಮಾತಾಡುವುದಿಲ್ಲ. ನನಗೆ ಹಿಡಿಸಿದ್ದು ಅಮ್ಮನ ಎಳೆ. ತಾನು ಸತ್ತ ಮೇಲೆ ಅಮ್ಮನಿಗೆ ಬದುಕಲು ಏನುಂಟು ಎಂಬುದು ಹೇಜಲ್‌ಳ ಗುಟ್ಟಾದ ಭಯ. ಅಮ್ಮ ಕದ್ದುಮುಚ್ಚಿ ಸಮಾಜಸೇವೆಯ ಕೋರ್ಸ್ ಓದುತ್ತಿದ್ದಾಳೆಂದು ಕೊನೆಗೆ ತಿಳಿಯುತ್ತದೆ. ತಾನು ಹೋಗುವುದನ್ನೇ ಕಾಯುತ್ತಿದ್ದಾಳೆ ಎಂದು ಮಗಳು ಅಂದುಕೊಂಡಾಳು ಎಂದು ಅಮ್ಮ ಅದನ್ನು ಬಚ್ಚಿಟ್ಟಿದ್ದಳು. ಮಗಳಿಗೆ ಹಿಡಿಸಲಾರದಷ್ಟು ಸಂತೋಷ.

ಇನ್ನೊಂದು, ಆಂಜಿ ಥಾಮಸ್ ಬರೆದ 'ದಿ ಹೇಟ್ ಯು ಗಿವ್', 2017ರದು. ಲೇಖಕಿ ಮಿಸಿಸಿಪ್ಪಿಯ ಜಾಕ್ಸನ್ ಊರಿನ ಕಪ್ಪು ಹೆಣ್ಣುಮಗಳು. 2009ರ ಹೊಸವರ್ಷದ ದಿನ ಆಸ್ಕರ್ ಗ್ರಾಂಟ್ ಎಂಬ ನಿರಾಯುಧ ಯುವಕ ಪೊಲೀಸ್ ಗುಂಡಿಗೆ ಬಲಿಯಾದ. ಆಗ ಕಾಲೇಜಿನಲ್ಲಿದ್ದ ಆಕೆ ಬರೆದ ಸಣ್ಣಕಥೆಯಿಂದ ಈ ಕಾದಂಬರಿ ಬೆಳೆಯಿತು. ಸ್ಟಾರ್ ಎಂಬ ಹದಿನಾರರ ಹುಡುಗಿಯ ಕಣ್ಣೆದುರು ಅವಳ ಬಾಲ್ಯದ ಗೆಳೆಯನನ್ನು ಪೊಲೀಸನೊಬ್ಬ ಕೊಲ್ಲುತ್ತಾನೆ. ಕಾರಿನಲ್ಲಿ ಇದ್ದದ್ದು ತಲೆ ಬಾಚುವ ಬ್ರಷ್. ಪೊಲೀಸನಿಗೆ ಅದು ಪಿಸ್ತೂಲಾಗಿ ಕಂಡಿತು.

ಈ ಹುಡುಗಿಯ ಅಪ್ಪ ಅಮ್ಮ ಮಾತ್ರ ಪುಟಪುಟದಲ್ಲೂ ಇದ್ದಾರೆ. ಅಪ್ಪ ಹಿಂದೆ ರೌಡಿ ಗುಂಪಿನಲ್ಲಿದ್ದು ಜೈಲು ಕಂಡು ಬಂದವನು, ಈಗ ದಿನಸಿ ಅಂಗಡಿ ಇಟ್ಟಿದ್ದಾನೆ. ಅಮ್ಮ ನರ್ಸ್. ಅವಳಿಗೆ ಹನ್ನೆರಡಾದಾಗ ಕೂರಿಸಿ ಎರಡು ಪಾಠ ಹೇಳಿದ್ದರು. ಒಂದು, ಗಂಡು ಹೆಣ್ಣಿನ ವಿಷಯ. ಇನ್ನೊಂದು, ಪೊಲೀಸರು ತಡೆದು ನಿಲ್ಲಿಸಿದರೆ ಕೈ ಕಾಣುವಂತೆ ಇಟ್ಟುಕೊಂಡು ಹೇಗೆ ಅಲುಗಾಡದೆ ಇರಬೇಕು ಎಂಬುದು. ಇಷ್ಟು ಒಳ್ಳೆಯ ತಂದೆತಾಯಿ. ಇಷ್ಟು ಮುಂಜಾಗ್ರತೆ. ಆದರೂ ಅವರ ಕೈಯಲ್ಲಿ ಏನೂ ಆಗಲಿಲ್ಲ. ಕೆಲವು ಕಡೆ ಪುಸ್ತಕ ಭಾಷಣಕ್ಕಿಳಿಯುತ್ತದೆ, ಸುಳ್ಳಲ್ಲ. ಊಟದ ಮೇಜಿನ ಸುತ್ತ ಆ ಕುಟುಂಬ ಕೂತು ಒಬ್ಬರನ್ನೊಬ್ಬರು ರೇಗಿಸುವ ಭಾಗಗಳಲ್ಲಿ ಅದೆಲ್ಲ ಮರೆತುಹೋಗುತ್ತದೆ.

ಇವರೆಲ್ಲ ಅಮೆರಿಕದವರಾದರು. ಅಪ್ಪ ಅಮ್ಮ ಇಲ್ಲದ ಮನೆ, ಸೋತ ತಾಯಿ, ಕೇಳದ ಕಿವಿ, ಪ್ರೀತಿಯಿದ್ದೂ ಕೈಲಾಗದವರು. ಇವಿಷ್ಟನ್ನೂ ಕಂಡೆವು. ಇನ್ನು ನಮ್ಮ ದೇಶಕ್ಕೆ ಬರೋಣ. ಇಲ್ಲಿ ನನಗೆ ಸಿಕ್ಕ ಪುಸ್ತಕ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಕೇಳುತ್ತದೆ. ದೊಡ್ಡವರೇ ಅಪರಾಧಿಗಳಾದರೆ? ಅದೂ ನಿಮ್ಮನ್ನು ಮುದ್ದಿನಿಂದ ಸಾಕಿದ ದೊಡ್ಡವರೇ ಆದರೆ?

ರಂಜಿತ್ ಲಾಲ್ ಇಂಗ್ಲಿಷಿನಲ್ಲಿ ಬರೆದ 'ಫೇಸಸ್ ಇನ್ ದಿ ವಾಟರ್', 2010ರದು. ಹಕ್ಕಿ ಪಕ್ಷಿಗಳ ಬಗ್ಗೆ ಸೊಗಸಾಗಿ ಬರೆಯುವ ಲೇಖಕ ಇವರು. ಕಥೆ ಹೇಳುವವನು ಗುರ್ಮಿ, ಹದಿನೈದರ ಹುಡುಗ. ಉತ್ತರ ಭಾರತದ ದೊಡ್ಡ ಸಿರಿವಂತ ಕುಟುಂಬ. ಆ ವಂಶದಲ್ಲಿ ಗಂಡುಮಕ್ಕಳೇ ಹುಟ್ಟುತ್ತಾರೆ ಎಂಬುದು ಅವರ ಹೆಮ್ಮೆ. ಎಲ್ಲ ಹಳೆಯ ಮನೆಯ ಬಾವಿಯ ನೀರಿನ ಮಹಿಮೆ ಎನ್ನುತ್ತಾರೆ. ಹುಡುಗ ಒಮ್ಮೆ ಆ ಮನೆಗೆ ಹೋಗಿ ಉಳಿಯುತ್ತಾನೆ. ಹತ್ತಿರ ಹೋಗಬೇಡ ಎಂದಿದ್ದ ಬಾವಿಗೆ ಬಗ್ಗಿ ನೋಡುತ್ತಾನೆ. ನೀರಿನಲ್ಲಿ ಮುಖಗಳು. ಹುಡುಗಿಯರ ಮುಖಗಳು. ಅವನ ಅಕ್ಕತಂಗಿಯರು, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು. ಹುಟ್ಟಿದೊಡನೆ ಆ ಬಾವಿಗೆ ಹಾಕಲ್ಪಟ್ಟವರು.

ಇಷ್ಟು ಕೇಳಿ ಇದು ದೆವ್ವದ ಕಥೆ, ಅಳುವಿನ ಕಥೆ ಎಂದುಕೊಂಡಿರೇನೋ. ರಂಜಿತ್ ಲಾಲ್ ಮಾಡಿದ ಕೆಲಸ ಬೇರೆ. ಆ ಹುಡುಗಿಯರು ತರಲೆಗಳು. ಜಗಳಗಂಟಿಯರು. ಅಣ್ಣನನ್ನು ಗೋಳುಹೊಯ್ದುಕೊಳ್ಳುತ್ತಾರೆ. ಬದುಕಿದ್ದರೆ ಮನೆ ತುಂಬ ಓಡಾಡಿಕೊಂಡು ಇರುತ್ತಿದ್ದರು ಎಂಬುದನ್ನು ಲೇಖಕ ನಮಗೆ ಹೇಳುವುದಿಲ್ಲ. ಓಡಾಡಿಸಿ ತೋರಿಸುತ್ತಾರೆ. ಆ ನಗುವಿನ ನಡುವೆ ಹುಡುಗನಿಗೆ ಎದುರಾಗುವುದು ಇಷ್ಟೇ. ತನಗೆ ತಿಂಡಿ ತಿನ್ನಿಸಿದ ಕೈಗಳು, ತನ್ನ ತಲೆ ಸವರಿದ ಕೈಗಳು, ಅವೇ ಕೈಗಳು.

ಹಂಗರ್ ಗೇಮ್ಸ್‌ನಲ್ಲಿ ಕೊಲ್ಲುವುದು ರಾಜಧಾನಿ. ಅದರ ಮೇಲೆ ಸಿಟ್ಟು ಬರುವುದು ಸುಲಭ. ಅಪ್ಪ ಅಮ್ಮ, ಅಜ್ಜ ಅಜ್ಜಿಯ ಮೇಲೆ ಎಲ್ಲಿಂದ ಸಿಟ್ಟು ತರುವುದು? ಇದು ಕಟ್ಟುಕಥೆಯ ಪ್ರಶ್ನೆಯಲ್ಲ. 2011ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಪ್ರತಿ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳು ಸುಮಾರು 920. ಲಿಂಗಪತ್ತೆ ನಿಷೇಧಿಸಿದ ಕಾಯ್ದೆ ಬಂದದ್ದು 1994ರಲ್ಲಿ. ಉತ್ತರದವರ ಪಾಪ ಎಂದು ಕೈ ತೊಳೆದುಕೊಳ್ಳುವಂತೆಯೂ ಇಲ್ಲ. 2023ರ ಕೊನೆಯಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲದ ಸುದ್ದಿ ನೀವೆಲ್ಲ ಓದಿದ್ದೀರಿ. ಬೆಲ್ಲ ಕಾಯಿಸುವ ಜಾಗದಲ್ಲಿ. ಅಲ್ಲಿಗೆ ಹೋದವರ ಮನೆಗಳಲ್ಲೂ ಹದಿನೈದರ ಹುಡುಗ ಹುಡುಗಿಯರು ಇದ್ದಿರಬಹುದು. ಅವರು ದೊಡ್ಡವರ ಮುಖ ಹೇಗೆ ನೋಡಿದರು ಎಂಬುದನ್ನು ಯಾವ ಪತ್ರಿಕೆಯೂ ಬರೆಯಲಿಲ್ಲ. ಅದನ್ನು ಬರೆಯಬೇಕಾದದ್ದು ಕಾದಂಬರಿ. ರಂಜಿತ್ ಲಾಲ್ ಬರೆದಿದ್ದಾರೆ. ಈ ಹೊತ್ತು ನಾನು ಹೇಳುತ್ತಿರುವ ಪುಸ್ತಕಗಳಲ್ಲಿ ಒಂದನ್ನು ಮಾತ್ರ ಆರಿಸಿ ಎಂದರೆ ಇದನ್ನೇ ಆರಿಸುತ್ತೇನೆ.

ಹಾಗಾದರೆ ಕನ್ನಡದಲ್ಲಿ? ಈ ಪ್ರಶ್ನೆ ನಿಮ್ಮ ಬಾಯಲ್ಲೂ ಬಂದಿರಬೇಕು.

ದೊಡ್ಡವರ ತಪ್ಪಿನ ಅಡಿಯಲ್ಲಿ ಸಿಕ್ಕಿಬಿದ್ದ ಹುಡುಗ ನಮಗೆ ಹೊಸಬನಲ್ಲ. ಅವನ ಹೆಸರು ರಾಮಾಚಾರಿ. ತ. ರಾ. ಸುಬ್ಬರಾವ್ ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ 'ನಾಗರಹಾವು' ಸಿನಿಮಾ ಮಾಡಿದರು. ಅದರ ಚಾಮಯ್ಯ ಮೇಷ್ಟ್ರನ್ನು ನೆನಪಿಸಿಕೊಳ್ಳಿ. ಮಕ್ಕಳಿಲ್ಲದ ಆ ಮೇಷ್ಟ್ರಿಗೆ ರಾಮಾಚಾರಿಯೇ ಮಗ. ಊರೆಲ್ಲ ಅವನನ್ನು ಬೈಯುವಾಗ ಪರ ನಿಂತವರು ಅವರೊಬ್ಬರೇ. ಅವನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡು ಎಂದು ಅವನನ್ನು ಒಪ್ಪಿಸಿದವರೂ ಅವರೇ. ಹುಡುಗ ಗುರುವಿನ ಮಾತಿಗೆ ತಲೆಬಾಗಿದ. ಆ ಹುಡುಗಿಯ ಬಾಳು ಹಾಳಾಯಿತು. ಪ್ರೀತಿಯಿಂದಲೇ ಮಾಡಿದ ಅನ್ಯಾಯ ಎಂದರೆ ಏನು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಚಿತ್ರ ಯಾವ ಯಂಗ್ ಅಡಲ್ಟ್ ಕಪಾಟಿನಲ್ಲೂ ನನಗೆ ಸಿಕ್ಕಿಲ್ಲ. ನಾವು ಚಾಮಯ್ಯ ಮೇಷ್ಟ್ರನ್ನು ಆದರ್ಶ ಗುರು ಎಂದು ಇವತ್ತಿಗೂ ಹೊಗಳುತ್ತೇವೆ. ನಮ್ಮ ಹುಡುಗಿ ಸಿನಿಮಾ ನೋಡಿ ಕೇಳಿದ್ದು ಒಂದೇ: "ಅಲಮೇಲುನ ಯಾರೂ ಕೇಳ್ಲೇ ಇಲ್ವಲ್ಲ ಚಿಕ್ಕಮ್ಮಾ?"

ನಿಜ, ತ. ರಾ. ಸು. ಅದನ್ನು ಹದಿಹರೆಯದವರಿಗೆಂದು ಬರೆಯಲಿಲ್ಲ. ಕನ್ನಡದ ಮಕ್ಕಳು ಚಿತ್ರಕಥೆಗಳಿಂದ ನೇರವಾಗಿ ದೊಡ್ಡವರ ಕಾದಂಬರಿಗೇ ಜಿಗಿದವರು. ಬಹಳ ಮಂದಿ ಮೊದಲು ಕಾಲಿಟ್ಟದ್ದು ತೇಜಸ್ವಿಯವರ 'ಕರ್ವಾಲೊ'ಗೆ, 1980ರ ಪುಸ್ತಕ. ಅದೂ ಹುಡುಗರಿಗೆಂದು ಬರೆದದ್ದಲ್ಲ. ಆದರೂ ಹುಡುಗರು ಬಿಡುವುದಿಲ್ಲ. ಹಾರುವ ಓತಿಯ ಬೇಟೆ ಒಂದು ಕಾರಣ. ನನಗೆ ತೋಚುವ ಇನ್ನೊಂದು ಕಾರಣ, ಅದರಲ್ಲಿ ದೊಡ್ಡ ವಿಜ್ಞಾನಿಯೊಬ್ಬರು ಊರವರ ಕಣ್ಣಿಗೆ ಕೆಲಸಕ್ಕೆ ಬಾರದ ಮಂದಣ್ಣನ ಮಾತನ್ನು ಮನಸ್ಸಿಟ್ಟು ಕೇಳುತ್ತಾರೆ. ಹದಿನಾಲ್ಕರ ಹುಡುಗನಿಗೆ ಅಂಥ ದೊಡ್ಡವರು ಸಿಕ್ಕಿದರೆ ಬಿಡು ಎಂದರೂ ಪುಸ್ತಕ ಬಿಡುವುದಿಲ್ಲ.

ಮಕ್ಕಳಿಗೆಂದೇ ಬರೆದ ಒಳ್ಳೆಯ ಕಾದಂಬರಿಗಳು ನಮ್ಮಲ್ಲಿವೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ನಾ. ಡಿಸೋಜರ 'ಮುಳುಗಡೆಯ ಊರಿಗೆ ಬಂದವರು', ತಮ್ಮಣ್ಣ ಬೀಗಾರರ 'ಬಾವಲಿ ಗುಹೆ' ಆ ಪುರಸ್ಕಾರ ಪಡೆದವು. ಇವು ಮಕ್ಕಳ ಕಾದಂಬರಿಗಳು. ಅಲ್ಲಿಂದ ಮುಂದೆ, ಎಸ್ಸೆಸ್ಸೆಲ್ಸಿ ಪಿಯುಸಿಯ ವಯಸ್ಸಿಗೆ ಬಂದರೆ ಕಪಾಟು ತೆಳ್ಳಗಾಗುತ್ತದೆ.

ಒಂದು ವ್ಯತ್ಯಾಸವನ್ನೂ ಹೇಳಬೇಕು. ಕನ್ನಡದಲ್ಲಿ ಹರೆಯದ ಕಥೆಗಳು ಕಡಿಮೆಯಿಲ್ಲ. ಆದರೆ ಅವನ್ನು ಹೇಳುವವರು ಹರೆಯ ದಾಟಿದವರು. ನಲವತ್ತು ಐವತ್ತರಲ್ಲಿ ಕೂತು ಹಿಂದಿರುಗಿ ನೋಡುತ್ತಾರೆ. ಅಪ್ಪನ ಸಿಟ್ಟು ಯಾಕೆ ಬಂದಿತ್ತು ಎಂದು ಆಗಲೇ ಅರ್ಥವಾಗಿರುತ್ತದೆ. ಕ್ಷಮಿಸಿಯೂ ಆಗಿರುತ್ತದೆ. ಕ್ಯಾಟ್ನಿಸ್, ಮೆಲಿಂಡಾ ಹಾಗಲ್ಲ. ಇಬ್ಬರೂ ಈಗ ನಡೆಯುತ್ತಿದೆ ಎಂಬಂತೆ ಹೇಳುತ್ತಾರೆ. ನಾಳೆ ಏನಾಗುವುದೋ ಅವರಿಗೆ ಗೊತ್ತಿಲ್ಲ. ಅಮ್ಮನ ಮೇಲಿನ ಸಿಟ್ಟು ಹಸಿಯಾಗಿಯೇ ಇದೆ. ನಮ್ಮಲ್ಲಿ ಆ ಹಸಿ ಸಿಟ್ಟಿನ ಪುಸ್ತಕ ಬರಬೇಕು. ಹುಬ್ಬಳ್ಳಿಯದೋ ಕೋಲಾರದ್ದೋ ಹುಡುಗಿ, ಹದಿನಾರು ವರ್ಷ, ಸಿಇಟಿ ಕೋಚಿಂಗು, ಮನೆಯಲ್ಲಿ ಮದುವೆಯ ಮಾತು, ಕೈಯಲ್ಲಿ ಮೊಬೈಲು. ಅವಳು ತನ್ನ ಅಪ್ಪ ಅಮ್ಮನನ್ನು ಹೇಗೆ ಕಾಣುತ್ತಾಳೆಂದು ಅವಳ ಬಾಯಲ್ಲೇ ಕೇಳಬೇಕು. ಕೇಳುವಾಗ ನಮಗೆ ಕಸಿವಿಸಿಯಾದರೆ ಆಗಲಿ.

ನನಗೆ ಕೊಟ್ಟ ಸಮಯ ಮುಗಿಯುತ್ತ ಬಂತು. ಯಾವ ಪುಸ್ತಕ ಯಾರಿಗೆ ಎಂದು ಕೇಳುವವರಿಗೆ ಎರಡು ಮಾತು. 'ದಿ ಔಟ್‌ಸೈಡರ್ಸ್' ಹನ್ನೆರಡು ಹದಿಮೂರರವರೂ ಓದಬಹುದು, ಇಂಗ್ಲಿಷ್ ಸರಳವಾಗಿದೆ. 'ಫೇಸಸ್ ಇನ್ ದಿ ವಾಟರ್' ಕೂಡ ಹಾಗೆಯೇ, ಆದರೆ ಓದಿದ ಮೇಲೆ ಮಕ್ಕಳು ಮನೆಯ ಹಿರಿಯರನ್ನು ಪ್ರಶ್ನೆ ಕೇಳುತ್ತಾರೆ, ತಯಾರಿರಿ. 'ಸ್ಪೀಕ್' ಪುಸ್ತಕವನ್ನು ಮೊದಲು ನೀವು ಓದಿ, ಆಮೇಲೆ ಕೊಡಿ. 'ಸನ್‌ರೈಸ್ ಆನ್ ದಿ ರೀಪಿಂಗ್' ಓದುವವರು ಹಂಗರ್ ಗೇಮ್ಸ್‌ನ ಮೊದಲ ಮೂರು ಪುಸ್ತಕಗಳನ್ನು ಮುಗಿಸಿಕೊಂಡೇ ಹಿಡಿಯುವುದು ಒಳ್ಳೆಯದು. ಇಲ್ಲ, ಕಾಲದ ಕ್ರಮದಲ್ಲಿ ಹೇಮಿಚ್‌ನ ಕಥೆ ಮೊದಲು ಓದಿದರೇ ಚೆನ್ನ ಎಂಬುದು ನಮ್ಮ ಮನೆಯ ಇನ್ನೊಂದು ಪಕ್ಷ. ಅದಿನ್ನೂ ತೀರ್ಮಾನವಾಗಿಲ್ಲ.